ಒಂದಾ, ಎರಡಾ?

ನನ್ನ ಮೆಡಿಕಲ್ ಶಾಪಿನ ಶಟರ್ ಎಳೆಯೋದು ರಾತ್ರಿ ಒಂಬತ್ತೂವರೆಗೆ. ಮನೆಗೆ ಬಂದು ಎರಡು ಅಕ್ಕಿರೊಟ್ಟಿ ತಿಂದು ಮಫ್ಲರ್ ಸುತ್ಕೊಂಡು ಟೆರೇಸ್ ಹತ್ತೋಷ್ಟರಲ್ಲಿ ಹತ್ತೂಕಾಲು ಆಗಿರತ್ತೆ. ಕುಶಾಲನಗರದ ಈ ಟೆರೇಸ್ ಹೇಗಿದೆ ಅಂದ್ರೆ, ಎದುರಿಗೆ ಬೀದಿದೀಪದ ಎಲ್‌ಇಡಿ, ಎಡಗಡೆ ಒಂದು ಗೇಟಿನ ಮೇಲೆ ರಾತ್ರಿಯೆಲ್ಲಾ ಉರಿಯೋ ಫೋಕಸ್ ಲೈಟು, ಆಚೆ ಕೂಡ್ಲೂರು ಇಂಡಸ್ಟ್ರಿಯಲ್ ಏರಿಯಾ ಕಡೆಯಿಂದ ಏಳೋ ಬೆಳಕಿನ ಮಬ್ಬು, ಜೊತೆಗೆ ಮಡಿಕೇರಿ ಕಡೆಯಿಂದ ಇಳಿದು ಬರೋ ಟೂರಿಸ್ಟ್ ಗಾಡಿಗಳ ಹೈ ಬೀಮ್. ಆಕಾಶಗಂಗೆ ಅನ್ನೋದು ಇಲ್ಲಿ ಕ್ಯಾಲೆಂಡರಲ್ಲಿ ಬರೋ ಚಿತ್ರ ಅಷ್ಟೇ.

"ಕೊಡಗಲ್ಲಿದ್ದೀಯ ಮಾರಾಯ, ನಿಂಗೆ ಕತ್ತಲೆಗೇನು ಬರ" ಅಂತ ಮೈಸೂರಿನ ಫ್ರೆಂಡ್ಸ್ ಕೇಳ್ತಿರ್ತಾರೆ. ಕತ್ತಲೆ ಇದೆ, ಅದರ ಜೊತೆ ಆನೆನೂ ಇದೆ. ಅಪ್ಪನ ತೋಟ ಸಿದ್ದಾಪುರದಿಂದ ಒಳಗೆ, ಮಾಲ್ದಾರೆ ಕಡೆ. ಮೂರು ವರ್ಷದ ಹಿಂದೆ ಒಂದು ಜನವರಿ ರಾತ್ರಿ ಟೆಲಿಸ್ಕೋಪ್ ಅಲ್ಲಿಗೆ ತಗೊಂಡು ಹೋಗಿ ಕಾಫಿ ಕಣದಲ್ಲಿ ಇಟ್ಟಿದ್ದೆ, ಒಣಗೋಕೆ ಹಾಕಿದ್ದ ಕಾಫಿ ಪಕ್ಕಕ್ಕೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿದ್ರು, ಆಕಾಶ ಅಂದ್ರೆ ಆಕಾಶ, ನಕ್ಷತ್ರ ಜಾಸ್ತಿಯಾಗಿ ಯಾವುದು ಯಾವುದು ಅಂತಾನೇ ಗುರುತು ಸಿಗ್ತಾ ಇರಲಿಲ್ಲ. ಇಪ್ಪತ್ತು ನಿಮಿಷ ಆಗಿಲ್ಲ, ಕೆಳಗಡೆ ಬಿದಿರು ಮುರಿಯೋ ಸದ್ದು. ನಾಯಿ ಮೊದಲು ಬೊಗಳ್ತು, ಆಮೇಲೆ ಬೊಗಳೋದು ನಿಲ್ಲಿಸ್ತು, ಅದು ನಿಲ್ಲಿಸಿದ್ದೇ ನನಗೆ ಜಾಸ್ತಿ ಭಯ ಆಗಿದ್ದು. ಅಪ್ಪ ಬಾಗಿಲಲ್ಲಿ ನಿಂತು "ಅದನ್ನ ಅಲ್ಲೇ ಬಿಟ್ಟು ಒಳಗ್ ಬಾರೋ" ಅಂದ್ರು. ಬೆಳಿಗ್ಗೆ ಹೋಗಿ ನೋಡಿದ್ರೆ ಟೆಲಿಸ್ಕೋಪ್ ಇಬ್ಬನಿಯಲ್ಲಿ ತೊಯ್ದು ನಿಂತಲ್ಲೇ ನಿಂತಿತ್ತು, ಬಾಳೆ ಮಾತ್ರ ಎರಡು ಬುಡ ಮಲಗಿತ್ತು. ಅವತ್ತಿಂದ ನನ್ನ ಆಕಾಶ ಅಂದ್ರೆ ಈ ಟೆರೇಸೇ.

ನನ್ನದು ಆರಿಂಚಿನ ಡಾಬ್. ಅಂದ್ರೆ 150 ಮಿಲಿಮೀಟರ್ ಕನ್ನಡಿ, 1200 ಮಿಲಿಮೀಟರ್ ಫೋಕಲ್ ಲೆಂತ್, ಮರದ ಪೆಟ್ಟಿಗೆ ಮೇಲೆ ಕೂತು ಕೈಯಲ್ಲೇ ತಿರುಗೋ ಟೆಲಿಸ್ಕೋಪು, ಮೋಟಾರ್ ಇಲ್ಲ, ಕಂಪ್ಯೂಟರ್ ಇಲ್ಲ. ಆನ್‌ಲೈನಲ್ಲಿ ತರಿಸಿದ್ದು, ಒಂದು ಬೋಲ್ಟ್ ಕಮ್ಮಿ ಬಂದಿತ್ತು, ಕೇಳಿ ಕೇಳಿ ಸಾಕಾಗಿ ಕೊನೆಗೆ ಹಾರ್ಡ್‌ವೇರ್ ಅಂಗಡಿಯ ಬೋಲ್ಟೇ ಹಾಕಿ ಕೂರಿಸಿದ್ದೀನಿ. ಮೊದಲ ವರ್ಷ ಎಲ್ಲರ ಹಾಗೆ ನಾನೂ ನೀಹಾರಿಕೆ, ಗ್ಯಾಲಕ್ಸಿ ಅಂತ ಹುಡುಕಿದೆ. ಆಂಡ್ರೊಮೆಡಾ ಗ್ಯಾಲಕ್ಸಿ ಸ್ಟೀಲ್ ಲೋಟದ ಮೇಲೆ ಉಸಿರು ಬಿಟ್ಟ ಹಾಗೆ ಕಾಣ್ತು, ಅದೂ ಅರ್ಧ. ಟೆಲಿಸ್ಕೋಪ್ ಮಾರಿಬಿಡೋಣ ಅಂತಾನೂ ಅನ್ಕೊಂಡಿದ್ದೆ. ಆಮೇಲೆ ಜೋಡಿ ನಕ್ಷತ್ರ ಹಿಡ್ಕೊಂಡೆ, ಅಂದ್ರೆ ಬರಿಗಣ್ಣಿಗೆ ಒಂದೇ ಅನ್ನಿಸಿ ಟೆಲಿಸ್ಕೋಪಲ್ಲಿ ಎರಡಾಗೋವು, ಇವತ್ತಿಗೂ ಬಿಟ್ಟಿಲ್ಲ.

ಜೋಡಿ ನಕ್ಷತ್ರಕ್ಕೆ ಊರಿನ ಬೆಳಕು ಅಷ್ಟೊಂದು ಕಾಟ ಕೊಡಲ್ಲ. ಯಾಕೆ ಅಂದ್ರೆ ಗ್ಯಾಲಕ್ಸಿ ಹರಡಿಕೊಂಡಿರೋ ಮಬ್ಬು, ಅದನ್ನ ದೊಡ್ಡದು ಮಾಡಿದಷ್ಟೂ ತೆಳುವಾಗತ್ತೆ, ಅದರ ಹಿಂದಿನ ಆಕಾಶದ ಬೆಳಕೂ ಹಾಗೇ ತೆಳುವಾಗತ್ತೆ, ಹಾಗಾಗಿ ಲಾಭ ಕಮ್ಮಿ. ನಕ್ಷತ್ರ ಹಾಗಲ್ಲ, ಅದು ಚುಕ್ಕಿ. 120 ಪಟ್ಟಿಗೆ, 240 ಪಟ್ಟಿಗೆ ಹೋದ್ರೂ ಹೆಚ್ಚುಕಮ್ಮಿ ಚುಕ್ಕಿಯಾಗೇ ಇರತ್ತೆ, ಹಿಂದಿನ ಬೂದು ಆಕಾಶ ಮಾತ್ರ ಕಪ್ಪಾಗ್ತಾ ಹೋಗತ್ತೆ. ಬೀದಿದೀಪದ ಕೆಳಗೆ ನಿಂತು ನನ್ನದೇ ಒಂದು ಸಣ್ಣ ಕತ್ತಲೆ ತಯಾರು ಮಾಡ್ಕೊಂಡ ಹಾಗೆ. ಹುತ್ತರಿ ಹುಣ್ಣಿಮೆ ರಾತ್ರಿ ಊರೆಲ್ಲಾ ಪಟಾಕಿ ಹೊಡೀತಿರೋವಾಗ್ಲೂ ನಾನು ಮೇಲೆ ಹೋಗಿ ನಾಲ್ಕು ಜೋಡಿ ನೋಡಿ ಬಂದಿದ್ದೀನಿ.

ನಮಗೆ ಕತ್ತಲೆಗಿಂತ ಮುಖ್ಯವಾಗಿ ಬೇಕಾಗಿರೋದು ಅಲುಗಾಡದ ಗಾಳಿ. ಇಲ್ಲಿ ಅಳತೆ ಎಲ್ಲಾ ಆರ್ಕ್‌ಸೆಕೆಂಡಲ್ಲಿ, ಒಂದು ಡಿಗ್ರಿಯನ್ನ 3600 ಪಾಲು ಮಾಡಿದ್ರೆ ಬರೋ ಒಂದು ಪಾಲು. ಒಂದು ರೂಪಾಯಿ ನಾಣ್ಯವನ್ನ ನಾಲ್ಕೂವರೆ ಕಿಲೋಮೀಟರ್ ಆಚೆ, ಬೈಲುಕುಪ್ಪೆ ಕಡೆ ಯಾರಾದ್ರೂ ಎತ್ತಿ ಹಿಡಿದ್ರೆ ಅದು ಇಲ್ಲಿಗೆ ಅಷ್ಟಗಲ ಕಾಣತ್ತೆ. 116ನ್ನ ಕನ್ನಡಿಯ ಮಿಲಿಮೀಟರಿಂದ ಭಾಗಿಸಿದ್ರೆ ಆ ಟೆಲಿಸ್ಕೋಪು ಎಷ್ಟು ಹತ್ತಿರದ ಜೋಡಿಯನ್ನ ಬಿಡಿಸಬಲ್ಲದು ಅಂತ ಸಿಗತ್ತೆ, ಡಾಸ್ ಅನ್ನೋರು ಕೊಟ್ಟ ಲೆಕ್ಕ, ನನ್ನದಕ್ಕೆ 0.77 ಆರ್ಕ್‌ಸೆಕೆಂಡು, ಇನ್ನು ಮುಂದೆ ಅಂತರಕ್ಕೆ ಬರೀ ಸೆಕೆಂಡು ಅಂತೀನಿ. ಪೇಪರ್ ಮೇಲೆ. ಟೆರೇಸಿನ ಸ್ಲಾಬ್ ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಹನ್ನೊಂದರ ತನಕ ಕಕ್ಕುತ್ತಾ ಇರತ್ತೆ, ಪಕ್ಕದ ಶೀಟ್ ಮನೆದೂ ಅದೇ ಕಥೆ, ಆ ಹೊತ್ತಲ್ಲಿ ನಕ್ಷತ್ರ ನೋಡಿದ್ರೆ ಕಾವಲಿ ಮೇಲೆ ಬಿದ್ದ ನೀರಿನ ಹನಿ ಥರ ಕುಣೀತಿರತ್ತೆ. ಇಬ್ಬನಿ ಬೀಳೋ ರಾತ್ರಿ, ಗಾಳಿ ಸತ್ತ ರಾತ್ರಿ, ಹನ್ನೊಂದೂವರೆ ಮೇಲೆ, ಒಂದೊಂದ್ಸಲ ಐದು ನಿಮಿಷ ಎಲ್ಲಾ ನಿಂತುಬಿಡತ್ತೆ. ಆ ಐದು ನಿಮಿಷಕ್ಕೇ ಈ ಚಳಿಯಲ್ಲೆಲ್ಲಾ ಕಾಯೋದು. ಆಮೇಲೆ ಕೆಳಗಿಂದ ನನ್ನ ಹೆಂಡ್ತಿ ಬಾಗಿಲು ತೆಗೆದು "ಇನ್ನೂ ಆಗಿಲ್ವಾ" ಅಂತ ಮೆಟ್ಲು ಹತ್ತಿ ಬರ್ತಾಳೆ, ಅವಳ ಹೆಜ್ಜೆಗೆ ಇಡೀ ಫೀಲ್ಡ್, ಅಂದ್ರೆ ಟೆಲಿಸ್ಕೋಪಲ್ಲಿ ಕಾಣೋ ಆಕಾಶದ ತುಂಡು, ನಡುಗತ್ತೆ.

ಇನ್ನು ಮಸುಕು ಜೋಡಿಗಳ ವಿಷಯ. ಬ್ರೈಟ್ ಜೋಡಿಗಳು ಸುಲಭ, ಸಪ್ತರ್ಷಿಯ ವಸಿಷ್ಠ ಅರುಂಧತಿ ಗೊತ್ತೇ ಇದೆ, ಮದುವೆಯಲ್ಲಿ ಮಟಮಟ ಮಧ್ಯಾಹ್ನ ಪುರೋಹಿತರು ಛತ್ರದ ಹೊರಗೆ ಕರ್ಕೊಂಡು ಹೋಗಿ ಬೆರಳು ತೋರಿಸಿದ್ರೆ ಗಂಡು ಹೆಣ್ಣು ಇಬ್ರೂ "ಕಂಡಿತು" ಅಂತಾರಲ್ಲ, ಅದೇ. ಟೆಲಿಸ್ಕೋಪಲ್ಲಿ ವಸಿಷ್ಠ ಒಂದೇ ಮತ್ತೆ ಎರಡಾಗ್ತಾನೆ, 14 ಸೆಕೆಂಡು ಅಂತರ, ಮಕ್ಕಳಿಗೂ ಕಾಣತ್ತೆ. ಆದ್ರೆ ಆ ಮಧ್ಯಾಹ್ನದ "ಕಂಡಿತು" ಇದೆಯಲ್ಲ, ಅದನ್ನ ನೆನಪಿಟ್ಕೊಳ್ಳಿ. ಮಸುಕು ಜೋಡಿ ನೋಡೋನ ದೊಡ್ಡ ಕಾಯಿಲೆ ಅದೇ. ಇಂಥ ಕಡೆ ಒಂದು ಚುಕ್ಕಿ ಇದೆ ಅಂತ ಮೊದಲೇ ಗೊತ್ತಿದ್ರೆ ಕಣ್ಣು ತಾನಾಗೇ ಅಲ್ಲೊಂದು ಚುಕ್ಕಿ ಇಟ್ಟುಬಿಡತ್ತೆ.

ಇದು ನನಗೆ ಅರ್ಥ ಆಗಿದ್ದು ರೈಜಲ್ ನೋಡೋವಾಗ. ಮಹಾವ್ಯಾಧನ, ಅಂದ್ರೆ ಒರಾಯನ್ ನಕ್ಷತ್ರಪುಂಜದ ಕಾಲು, ಬಿಳಿ ನೀಲಿ ಬೆಂಕಿ. ಅದರಿಂದ ಒಂಬತ್ತೂವರೆ ಸೆಕೆಂಡ್ ದೂರದಲ್ಲಿ ಒಂದು ಪುಟ್ಟ ಸಂಗಾತಿ, ದೊಡ್ಡದರ ಹೊಳಪು ಅದಕ್ಕಿಂತ 400 ಪಟ್ಟಿಗೂ ಮೇಲೆ. ಮೊದಲ ರಾತ್ರಿ ಪುಸ್ತಕ ನೋಡ್ಕೊಂಡು ಹೋಗಿ, ಹೇಳಿದ ದಿಕ್ಕಲ್ಲೇ ಕಂಡು, ಖುಷಿಯಾಗಿ ಬರೆದಿಟ್ಟೆ. ನಾಲ್ಕು ದಿನ ಬಿಟ್ಟು ಗಮನಕ್ಕೆ ಬಂತು, ನನ್ನ ಥರದ ಟೆಲಿಸ್ಕೋಪಲ್ಲಿ ಚಿತ್ರ ತಲೆಕೆಳಗೆ, ನಾನು ಕಂಡೆ ಅಂತ ಬರೆದ ಜಾಗ ಸರೀ ಉಲ್ಟಾ ಕಡೆ. ಇಲ್ಲದ ನಕ್ಷತ್ರವನ್ನ ನಾನು ಕಂಡಿದ್ದೆ! ಆಮೇಲೆ ಒಂದು ಒಳ್ಳೆ ರಾತ್ರಿ ನಿಜವಾದ್ದು ಕಂಡಾಗ ಅನುಮಾನಕ್ಕೇ ಜಾಗ ಇರಲಿಲ್ಲ, ರೈಜಲ್‌ನ ಪ್ರಭೆಯ ಅಂಚಲ್ಲಿ ಸಾಸಿವೆ ಕಾಳಿನಷ್ಟು, ಗಟ್ಟಿಯಾಗಿ, ಒಂದೇ ಕಡೆ ಕೂತಿತ್ತು.

ಅವತ್ತಿಂದ ಒಂದು ರೂಲ್ ಮಾಡ್ಕೊಂಡಿದ್ದೀನಿ. ಸಂಗಾತಿ ಇರೋ ದಿಕ್ಕು ಎಷ್ಟು ಡಿಗ್ರಿ ಅಂತ ಮೊದಲು ನೋಡಲ್ಲ. ನಕ್ಷತ್ರದ ಹೆಸರು, ಅಂತರ ಎಷ್ಟು, ಹೊಳಪು ಎಷ್ಟು ಅಷ್ಟೇ ಚೀಟಿಯಲ್ಲಿ ಬರ್ಕೊಂಡು ಹೋಗೋದು. ಟೆಲಿಸ್ಕೋಪ್ ಮುಟ್ಟದೆ ಬಿಟ್ರೆ ನಕ್ಷತ್ರ ತಾನೇ ಜಾರಿ ಹೋಗತ್ತೆ, ಜಾರೋ ಕಡೆ ಪಶ್ಚಿಮ. ಅದನ್ನ ಇಟ್ಕೊಂಡು ಸಂಗಾತಿ ಯಾವ ಕಡೆ ಇದೆ ಅಂತ ಚಿತ್ರ ಬರೆಯೋದು, ಕೆಳಗೆ ಬಂದು ಫೋನಲ್ಲಿ ವಾಷಿಂಗ್ಟನ್ ಡಬಲ್ ಸ್ಟಾರ್ ಕ್ಯಾಟಲಾಗಿನ ಅಂಕಿ ತೆಗೆದು ತಾಳೆ ನೋಡೋದು. ಒಂದೂವರೆ ಲಕ್ಷಕ್ಕೂ ಮೇಲೆ ಜೋಡಿಗಳಿವೆ ಅದರಲ್ಲಿ, ಈ ಜನ್ಮಕ್ಕೆ ಸಾಕು. ಬರೆಯೋದಕ್ಕೆ ಮೆಡಿಕಲ್ ರೆಪ್‌ಗಳು ಕೊಡೋ ಡೈರಿ, ಪ್ರತಿ ಪುಟದ ಕೆಳಗೂ ಗ್ಯಾಸ್ಟ್ರಿಕ್ ಮಾತ್ರೆಯ ಜಾಹೀರಾತು. ಮೂರು ಕಾಲಂ: ಕಂಡಿತು, ಕಾಣಲಿಲ್ಲ, ಗೊತ್ತಿಲ್ಲ. ಮೊದಲೆರಡಕ್ಕಿಂತ ಮೂರನೇದು ಬರೆಯೋಕೆ ಜಾಸ್ತಿ ಧೈರ್ಯ ಬೇಕು.

ಈ ರೋಗಕ್ಕೆ ನಾನೊಬ್ಬನೇ ಅಲ್ಲ ಬಿಡಿ. ಮದ್ರಾಸ್ ಅಬ್ಸರ್ವೇಟರಿ ನೋಡ್ಕೋತಿದ್ದ ಕ್ಯಾಪ್ಟನ್ ಜೇಕಬ್ ಅಂತ ಒಬ್ರು, ಜೋಡಿ ನಕ್ಷತ್ರ ಅಳೆಯೋದ್ರಲ್ಲಿ ಪಳಗಿದ ಕೈ. 70 ಒಫಿಯುಕಿ ಅನ್ನೋ ಜೋಡಿ ಲೆಕ್ಕದ ದಾರಿಯಲ್ಲಿ ಸರಿಯಾಗಿ ಹೋಗ್ತಿಲ್ಲ, ಅಲ್ಲೊಂದು ಕಾಣದ ಗ್ರಹ ಇರಬೇಕು ಅಂತ 1855ರಲ್ಲಿ ಬರೆದ್ರು. ಬೇರೆ ನಕ್ಷತ್ರಕ್ಕೆ ಗ್ರಹ ಇದೆ ಅಂತ ಅಳತೆ ಇಟ್ಕೊಂಡು ಹೇಳಿದವರಲ್ಲಿ ಮೊದಮೊದಲಿಗರು. ಗ್ರಹ ನಿಲ್ಲಲಿಲ್ಲ, ಆಮೇಲಿನವರ ಲೆಕ್ಕದಲ್ಲಿ ಕರಗಿಹೋಯ್ತು. ಇದಕ್ಕೆ ಉಲ್ಟಾ ಕಥೆ ಪಾಂಡಿಚೇರಿದು. 1689ರ ಡಿಸೆಂಬರಲ್ಲಿ ರಿಶೋ ಅನ್ನೋ ಜೆಸ್ಯೂಟ್ ಪಾದ್ರಿ ಧೂಮಕೇತು ನೋಡ್ತಾ ಇದ್ರು, ಹಾದಿಯಲ್ಲಿ ಆಲ್ಫಾ ಸೆಂಟಾರಿ ಸಿಕ್ತು, ನೋಡಿದ್ರೆ ಎರಡು! ಯಾರೂ ಅವರಿಗೆ ಎರಡಿದೆ ಅಂತ ಹೇಳಿರಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ. ಪಾಂಡಿಚೇರಿ, ಕುಶಾಲನಗರ ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶ, ಆ ನಕ್ಷತ್ರ ನಮಗೂ ದಕ್ಷಿಣದಲ್ಲಿ ಅಷ್ಟೇ ಎತ್ತರಕ್ಕೆ ಬರತ್ತೆ, 17 ಡಿಗ್ರಿ ಹತ್ರ. ಯುರೋಪಿನವರಿಗೆ ಮನೆಯಿಂದ ಕಾಣೋದೇ ಇಲ್ಲ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಒಂದು ಗಂಟೆಗೆ ಎದ್ದು, ಸಿಂಟೆಕ್ಸ್ ಟ್ಯಾಂಕಿಗೂ ತೆಂಗಿನ ಮರಕ್ಕೂ ಮಧ್ಯೆ ನಾನೂ ಅದನ್ನ ಬಿಡಿಸಿ ನೋಡಿದ್ದೀನಿ, ಹಳದಿ ದೀಪ ಎರಡು, ಹಣತೆ ಪಕ್ಕದಲ್ಲಿ ಹಣತೆ ಇಟ್ಟ ಹಾಗೆ.

ಮಸುಕಿಗೆ ಬರೋಣ. ಸಿಗ್ಮಾ ಒರಾಯನಿಸ್ ಅಂತ ಒಂದಿದೆ, ಮಹಾವ್ಯಾಧನ ಬೆಲ್ಟಿನ ಮೂರನೇ ನಕ್ಷತ್ರಕ್ಕೆ ಸ್ವಲ್ಪ ದಕ್ಷಿಣಕ್ಕೆ. ಬರಿಗಣ್ಣಿಗೆ ಒಂದು, ಟೆಲಿಸ್ಕೋಪಲ್ಲಿ ಒಂದು ದೊಡ್ಡದು, ಪಕ್ಕಕ್ಕೆ ಎರಡು ಚಿಕ್ಕವು, ಸ್ವಲ್ಪ ತಾಳ್ಮೆ ಇದ್ರೆ ಇನ್ನೊಂದು ಕಡೆ ಮಸುಕಾದ ನಾಲ್ಕನೇದು. ಅದನ್ನ ಎಲ್ಲರೂ ನೋಡ್ತಾರೆ. ಅದೇ ಫೀಲ್ಡಲ್ಲಿ ಪಕ್ಕಕ್ಕೆ ಕಣ್ಣಾಡಿಸಿದ್ರೆ ಇನ್ನೊಂದು ಗುಂಪಿದೆ, ಸ್ಟ್ರೂವ 761, ಎಂಟನೇ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ದೊಡ್ಡದಾದಷ್ಟೂ ಮಸುಕು) ಆಸುಪಾಸಿನ ಮೂರು ಚುಕ್ಕಿ, ಉದ್ದದ ಸಣಕಲು ತ್ರಿಕೋನ. ಸ್ಟ್ರೂವ ಅನ್ನೋ ಖಗೋಳಜ್ಞ 1827ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 3000ಕ್ಕೂ ಮೇಲೆ ಜೋಡಿಗಳಿದ್ವು, ಅದರಲ್ಲಿ ಇದೂ ಒಂದು. ನಾನು ಎರಡು ವರ್ಷ ಸಿಗ್ಮಾ ನೋಡಿದ್ದೀನಿ, ಪಕ್ಕದ್ದು ಕಂಡೇ ಇರಲಿಲ್ಲ. ಕಣ್ಣ ಮುಂದೆ ಇತ್ತು, ಹೊಳೆಯೋದರ ಮೇಲೇ ಕಣ್ಣು. ಒಂದಿನ ಕರೆಂಟ್ ಹೋಯ್ತು, ಎಲ್ಲಾ ಮನೆಯಿಂದ "ಅಯ್ಯೋ" ಅಂತ ಕೇಳಿಸ್ತು, ನಾನು ಐಪೀಸಿಂದ ಕಣ್ಣು ತೆಗೀದೆ ಹಾಗೇ ಕೂತೆ, ಆಗ ಮೆಲ್ಲಗೆ ಬಲಬದಿಯಲ್ಲಿ ಒಂದು, ಆಮೇಲೆ ಅದರಾಚೆ ಅಂಟಿಕೊಂಡಂತೆ ಎರಡು. ಬಣ್ಣ ಇಲ್ಲ, ಹೊಳಪಿಲ್ಲ. ಬೂದು. ಕರೆಂಟ್ ಬಂದ ಮೇಲೂ ಅವು ಅಲ್ಲೇ ಇದ್ವು, ಅಂದ್ರೆ ಅಡ್ಡ ಬಂದಿದ್ದು ಬೆಳಕಲ್ಲ, ನನ್ನ ಅವಸರ.

ಮಸುಕು ನೋಡೋಕೆ ಓರೆಗಣ್ಣು ಬೇಕು. ಚುಕ್ಕಿಯನ್ನ ನೇರ ನೋಡಿದ್ರೆ ಮಾಯ, ಪಕ್ಕಕ್ಕೆ ನೋಡಿದ್ರೆ ಹಾಜರ್, ಯಾಕಂದ್ರೆ ಕಣ್ಣಿನ ಪರದೆಯ ನಟ್ಟನಡುವೆ ಮಂದ ಬೆಳಕು ಹಿಡಿಯೋ ಜೀವಕೋಶ ಇಲ್ಲ, ಅವು ಸುತ್ತ ಇರೋದು. ತಲೆ ಮೇಲೆ ಕಪ್ಪು ಟವೆಲ್ ಹಾಕ್ಕೊಂಡು ಬೀದಿದೀಪ ಮರೆ ಮಾಡಿ, ಟ್ಯೂಬನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿದ್ರೆ ಅಲುಗಾಡೋ ಚುಕ್ಕಿ ಇನ್ನೂ ಬೇಗ ಕಣ್ಣಿಗೆ ಬೀಳತ್ತೆ. ಎದುರು ಮನೆಯವರು ಒಂದು ರಾತ್ರಿ ನೋಡಿ ಮಾರನೇ ದಿನ ಅಂಗಡಿಗೆ ಬಂದು "ಶೀತ ಜಾಸ್ತಿ ಆಗಿತ್ತಾ, ಆವಿ ತಗೋತಾ ಇದ್ರಲ್ಲ" ಅಂದ್ರು.

ಮೇಲ್ಮನೆ ಹುಡುಗ ಏಳನೇ ಕ್ಲಾಸು, ಆಗಾಗ ಬರ್ತಾನೆ. ಒರಾಯನ್ ನೀಹಾರಿಕೆ ಒಳಗೆ ಟ್ರಪೀಜಿಯಂ ಅಂತ ನಾಲ್ಕು ನಕ್ಷತ್ರ ಇದೆ, ಜೊತೆಗೆ ಹನ್ನೊಂದನೇ ಮ್ಯಾಗ್ನಿಟ್ಯೂಡಿನ ಎರಡು ಪುಟಾಣಿ, ಆರಿಂಚಿಗೆ ಅದು ಪರೀಕ್ಷೆ. ಅವನಿಗೆ ನಾನು ಏನೂ ಹೇಳಲಿಲ್ಲ, "ಎಷ್ಟು ಚುಕ್ಕಿ ಎಣಿಸು" ಅಂದೆ ಅಷ್ಟೇ. ಬಗ್ಗಿ ನೋಡ್ತಾ ನೋಡ್ತಾ "ನಾಲ್ಕು" ಅಂದ. ಆಮೇಲೆ "ಇರಿ ಅಂಕಲ್... ಐದು. ಒಂದು ಬರತ್ತೆ ಹೋಗತ್ತೆ." ಎಲ್ಲಿ ಅಂತ ಡೈರಿಯಲ್ಲಿ ಬರೆಸಿದೆ. ಸರಿಯಾದ ಜಾಗಕ್ಕೇ ಇಟ್ಟಿದ್ದ. ನನಗೆ ಅವತ್ತು ನಾಲ್ಕೇ. ನನ್ನ ಕಾಲಂನಲ್ಲಿ "ಕಾಣಲಿಲ್ಲ" ಅಂತ ಬರೆದು ಕೆಳಗೆ ಅವನ ಇನಿಷಿಯಲ್ ಹಾಕಿ "ಕಂಡಿತು" ಅಂತ ಬರೆದೆ, ಸ್ವಲ್ಪ ಹೊಟ್ಟೆಕಿಚ್ಚಿಂದಲೇ.

ಪುನರ್ವಸು ಬಗ್ಗೆ ಒಂದು ಮಾತು. ನಮ್ಮೂರಲ್ಲಿ ಎಲ್ಲರಿಗೂ ಪುನರ್ವಸು ಮಳೆ ಗೊತ್ತು, ಆರಿದ್ರಾ ಮಳೆ ಗೊತ್ತು, ನಕ್ಷತ್ರ ಮಾತ್ರ ನೋಡಿದವರು ಕಮ್ಮಿ. ಆ ಮಳೆ ಬರೋ ದಿನಗಳಲ್ಲಿ ಸೂರ್ಯ ಅದೇ ನಕ್ಷತ್ರದ ಹತ್ರ ಇರೋದ್ರಿಂದ ಮೋಡ ಇಲ್ಲದಿದ್ರೂ ಅದು ಕಾಣಲ್ಲ. ನೋಡಬೇಕಾದ್ರೆ ಕಾಫಿ ಕೊಯ್ಲು ಟೈಮಲ್ಲಿ ನೋಡಬೇಕು. ಅದರಲ್ಲಿ ಕ್ಯಾಸ್ಟರ್ ಅನ್ನೋದು ಟೆಲಿಸ್ಕೋಪಲ್ಲಿ ಎರಡು, ಐದು ಸೆಕೆಂಡಿನ ಆಸುಪಾಸು, ಸುಮಾರು 460 ವರ್ಷಕ್ಕೆ ಒಂದು ಸುತ್ತು. 70 ಸೆಕೆಂಡ್ ಆಚೆ ಒಂಬತ್ತನೇ ಮ್ಯಾಗ್ನಿಟ್ಯೂಡಿನ ಮೂರನೇದು, ಅದೂ ಇದೇ ಸಂಸಾರದ್ದು. ಈ ಮೂರರಲ್ಲಿ ಪ್ರತಿಯೊಂದೂ ಮತ್ತೆ ಒಳಗೆ ಎರಡೆರಡು, ಒಟ್ಟು ಆರು. ಆ ಒಳಗಿನ ಲೆಕ್ಕ ಟೆಲಿಸ್ಕೋಪಲ್ಲಿ ಯಾರಿಗೂ ಕಾಣಲ್ಲ, ಸ್ಪೆಕ್ಟ್ರಮ್ ನೋಡಿ ತಿಳಿದದ್ದು.

ಈಗ ಲುಬ್ಧಕ, ಅಂದ್ರೆ ಸಿರಿಯಸ್. ಇದೇ ನನ್ನ ನಿಜವಾದ ಗೀಳು. ಆಕಾಶದ ಅತಿ ಹೊಳಪಿನ ನಕ್ಷತ್ರದ ಪಕ್ಕದಲ್ಲಿ ಅದಕ್ಕಿಂತ ಹತ್ತಿರಹತ್ತಿರ ಹತ್ತು ಸಾವಿರ ಪಟ್ಟು ಮಂದವಾದ ಸಂಗಾತಿ, ಬಿಳಿ ಕುಬ್ಜ, ಭೂಮಿಯಷ್ಟು ಗಾತ್ರಕ್ಕೆ ಸೂರ್ಯನಷ್ಟು ತೂಕ. ಲುಬ್ಧಕ ಓಲಾಡೋದು ನೋಡಿ ಪಕ್ಕದಲ್ಲಿ ಏನೋ ಇದೆ ಅಂತ ಬೆಸೆಲ್ ಅನ್ನೋ ಖಗೋಳಜ್ಞ 1844ರಲ್ಲೇ ಹೇಳಿದ್ರು, ಕಣ್ಣಿಗೆ ಬಿದ್ದಿದ್ದು 1862ರ ಜನವರಿ 31ಕ್ಕೆ, ಆಲ್ವನ್ ಗ್ರಹಾಂ ಕ್ಲಾರ್ಕ್ ಹದಿನೆಂಟೂವರೆ ಇಂಚಿನ ಹೊಸ ಲೆನ್ಸ್ ಪರೀಕ್ಷೆ ಮಾಡೋವಾಗ. 50 ವರ್ಷಕ್ಕೆ ಒಂದು ಸುತ್ತು, ಈಗಿನ ಅಂತರ ಸುಮಾರು 11 ಸೆಕೆಂಡು, ಇನ್ನು ಮೇಲೆ ಹತ್ತಿರ ಆಗ್ತಾ ಹೋಗತ್ತೆ. ಅಂದ್ರೆ ನನ್ನ ವಯಸ್ಸಿಗೆ ಈಗ ನೋಡಿದ್ರೆ ಉಂಟು. ಉತ್ತರದ ದೇಶದವರಿಗೆ ಲುಬ್ಧಕ ದಿಗಂತದ ಮೇಲೆ ನಡುಗುತ್ತಾ ನಿಂತಿರತ್ತೆ, ನಮಗೆ 61 ಡಿಗ್ರಿ ಎತ್ತರ, ಅದೊಂದು ಪುಣ್ಯ.

ಟಾನಿಕ್ ಬಾಟಲ್ ಬರೋ ರಟ್ಟಿನ ಪೆಟ್ಟಿಗೆ ಕತ್ತರಿಸಿ ಆರು ಮೂಲೆಯ ತೂತಿನ ಮಾಸ್ಕ್ ಮಾಡಿದೆ. ಅದನ್ನ ಟೆಲಿಸ್ಕೋಪಿನ ಬಾಯಿಗೆ ಕಟ್ಟಿದ್ರೆ ಲುಬ್ಧಕನ ಉರಿ ಆರು ಗೆರೆಯಾಗಿ ಹಂಚಿಹೋಗಿ ಮಧ್ಯದ ಸಂದುಗಳು ಕಪ್ಪಾಗತ್ತೆ, ಸಂಗಾತಿ ಸಂದಿಗೆ ಬರೋ ಹಾಗೆ ರಟ್ಟು ತಿರುಗಿಸ್ಕೋಬೇಕು. ಮೊದಲು ರೈಜಲ್ ನೋಡಿ ಕಣ್ಣಿಗೆ ಅಂತರ ಅಭ್ಯಾಸ ಮಾಡಿಸೋದು, ಎರಡೂ ಹೆಚ್ಚುಕಮ್ಮಿ ಅಷ್ಟೇ ದೂರ. ಹೋದ ಫೆಬ್ರವರಿ ಎರಡನೇ ವಾರ, ಹತ್ತೂಕಾಲಿಗೆ ಶುರು, ಹನ್ನೊಂದೂಕಾಲಿಗೆ ಗಾಳಿ ನಿಂತಿತು. 240 ಪಟ್ಟು. ಲುಬ್ಧಕನನ್ನ ಪೂರ್ವದ ಅಂಚಿಗೆ ಇಟ್ಟು ಕೈ ಬಿಟ್ಟೆ, ಅದು ಫೀಲ್ಡ್ ದಾಟಿಕೊಂಡು ಪಶ್ಚಿಮದ ಅಂಚಿಗೆ ಹೋಗಿ ಮುಳುಗತ್ತೆ. ಸಂಗಾತಿ ಈಗ ಪೂರ್ವದ ಕಡೆ ಇರೋದ್ರಿಂದ ದೊಡ್ಡದು ಅಂಚಿನ ಆಚೆ ಹೋದ ಮೇಲೂ ಅದು ಫೀಲ್ಡಲ್ಲೇ ಇರಬೇಕು, ಗಡಿಯಾರದ ಮುಕ್ಕಾಲು ಸೆಕೆಂಡಿಗಿಂತ ಕಮ್ಮಿ ಹೊತ್ತು. ಇದನ್ನ ಇಪ್ಪತ್ತು ಸಲ ಮಾಡಿದೆ. ಮಂಡಿ ಕೆಳಗೆ ಹಳೇ ಗೋಣಿಚೀಲ, ಹೊರಗೆ ಬಿಟ್ಟ ಉಸಿರು ಐಪೀಸಿಗೆ ತಾಗದ ಹಾಗೆ ಬಾಯಿಗೆ ಮಫ್ಲರ್. ಹದಿನಾಲ್ಕನೇ ಸಲ, ಉರಿ ಅಂಚಿನ ಆಚೆ ಜಾರಿದ ತಕ್ಷಣ ಅಲ್ಲಿ ಒಂದು ಕಣ. ಹದಿನೇಳನೇ ಸಲ ಮತ್ತೆ. ಮಿಕ್ಕ ಹದಿನೆಂಟು ಸಲ ಏನೂ ಇಲ್ಲ.

ಕುಣಿದಾಡೋ ಅಷ್ಟು ಆಸೆ ಆಯ್ತು. ಆದ್ರೆ ಯಾವ ಕಡೆ ಇದೆ ಅಂತ ನನಗೆ ಮೊದಲೇ ಗೊತ್ತಿತ್ತಲ್ಲ, ಲುಬ್ಧಕನ ವಿಷಯದಲ್ಲಿ ಗೊತ್ತಿಲ್ಲದೆ ಇರೋಕೆ ಸಾಧ್ಯವೇ ಇಲ್ಲ, ಅಷ್ಟು ಸಲ ಓದಿದ್ದೀನಿ. ಮಾರನೇ ದಿನ ಹುಡುಗನನ್ನ ಕರೆಯೋಣ ಅಂದ್ಕೊಂಡೆ, ಅವನಿಗೆ ಪರೀಕ್ಷೆ. ಅದಾದ್ಮೇಲೆ ಒಂದು ವಾರ ಗಾಳಿ, ಆಮೇಲೆ ಮಾರ್ಚಲ್ಲಿ ಕಾಫಿ ಹೂ ಬಿಡಿಸೋ ಹೂಮಳೆ ಬಂತು, ತೋಟದವರೆಲ್ಲಾ ಫೋನ್ ಮಾಡಿ "ನಿಮ್ಮ ಕಡೆ ಎಷ್ಟು ಸೆಂಟು" (ಇಲ್ಲಿ ಮಳೆ ಅಳತೆ, ಇಂಚಿನ ನೂರರಲ್ಲೊಂದು ಪಾಲು) ಅಂತ ಕೇಳ್ಕೊಂಡು ಖುಷಿಯಾದ್ರು, ಅಪ್ಪನೂ. ನಾನು ಹೌದೌದು ಒಳ್ಳೇ ಮಳೆ ಅಂತ ಹೇಳಿ ಕನ್ನಡಿ ಒರೆಸಿ ಸಿಲಿಕಾ ಜೆಲ್ ಜೊತೆ ಪೆಟ್ಟಿಗೆಗೆ ಹಾಕಿದೆ, ಇಲ್ಲಾಂದ್ರೆ ಜುಲೈಗೆ ಐಪೀಸಲ್ಲಿ ಬೂಷ್ಟು ಬರತ್ತೆ, ಒಂದು ಹಾಗೇ ಹೋಗಿದೆ.

ಡೈರಿಯಲ್ಲಿ ಲುಬ್ಧಕ ಮೂರನೇ ಕಾಲಂನಲ್ಲಿದೆ. ರಟ್ಟಿನ ಮಾಸ್ಕ್ ಅಂಗಡಿಯ ಕ್ಯಾಲೆಂಡರ್ ಹಿಂದೆ ನೇತಾಡ್ತಿದೆ, ಹುಡುಗ ಬಂದಾಗ ಅದೇನು ಅಂತ ಕೇಳ್ತಾನೆ, ನಾನು ಹೇಳಿಲ್ಲ. ಜನವರಿ ತನಕ ಹೇಳೋದೂ ಇಲ್ಲ.